ಮೊದಲ ಉಂಗುರದ ಜಾಗ

ಏಪ್ರಿಲ್ ೭, ಭಾನುವಾರ

ಅಕ್ಕ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡುವ ಮೊದಲೇ ಹೇಳಿದಳು: "ಗಿಡ್ಡಿ, ನನಗೊಂದು ಗಾಳದ ಕೋಲು ಕಟ್ಟಿಕೊಡು."

ನಾನು ಈ ಹಿಂದಿನ ಕೋಣೆಯಲ್ಲಿ ಕೋಲು ಕಟ್ಟಲು ಶುರುಮಾಡಿ ಎಷ್ಟೋ ವರ್ಷವಾಯಿತು. ದಂತವೈದ್ಯರಿಗೆ ಕಟ್ಟಿದ್ದೇನೆ, ಲಾರಿ ಮಾಲೀಕರಿಗೆ ಕಟ್ಟಿದ್ದೇನೆ, ಒಬ್ಬ ನ್ಯಾಯಾಧೀಶರಿಗೂ ಕಟ್ಟಿದ್ದೇನೆ. ಅಕ್ಕ ಮಾತ್ರ ಒಂದು ಸಲವೂ ಕೇಳಿರಲಿಲ್ಲ. ಮೀನು ಹಿಡಿಯುವುದರಲ್ಲಿ ಅವರೆಲ್ಲರನ್ನೂ ಮೀರಿಸುವವಳು ಅವಳೇ, ಆದರೆ ಅಂಗಡಿಯಲ್ಲಿ ಕೊಂಡ ಕೋಲು ಹೊತ್ತುಕೊಂಡೇ ನದಿಗೆ ಹೋಗುತ್ತಿದ್ದಳು. "ನೀನು ಕಟ್ಟಿದ್ದು ಮುರಿದರೆ ಆಮೇಲೆ ನಿನ್ನ ಮುಖ ನೋಡೋಕಾಗಲ್ಲ" ಎನ್ನುವುದು ಅವಳ ನೆಪ. ಕೋಲು ಮುರಿಯುವುದರಲ್ಲಿ ಅವಳದು ಎತ್ತಿದ ಕೈ, ಅದೇನೋ ನಿಜ.

"ಈಗೇನು ಬಂತು ನಿನಗೆ?" ಅಂದೆ.

"ಡಾಕ್ಟರ್ ಕಾಯಿಲೆಗೆ ಹೆಸರು ಹೇಳಿದರು. ನರ ಸೋಲುತ್ತಂತೆ, ಅದರ ಜೊತೆ ಕೈ ಸವೆಯುತ್ತಂತೆ. ಬೇಸಿಗೆ ಮುಗಿಯೋ ಹೊತ್ತಿಗೆ ಬೆರಳಲ್ಲಿ ಏನೂ ಹಿಡಿಯೋಕಾಗಲ್ವಂತೆ. ಅಷ್ಟರೊಳಗೆ ಒಂದು ಸಲ ಒಡ್ಡಿನ ಕೆಳಗಿನ ಮಡುವಿಗೆ ಹೋಗಬೇಕು. ನೀನು ಕಟ್ಟಿದ ಕೋಲು, ನನ್ನ ಕೈ. ಅಷ್ಟೇ."

ಪಂದ್ಯ ಎಷ್ಟು ಗಂಟೆಗೆ ಎಂದು ಮಕ್ಕಳಿಗೆ ಹೇಳುವ ದನಿಯಲ್ಲೇ ಇದನ್ನೂ ಹೇಳಿದಳು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತಳಾದವಳು. ಕುತ್ತಿಗೆಯಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಇವತ್ತಿಗೂ ಬೀದಿಯಲ್ಲಿ ಎಲ್ಲರಿಗೂ ಅವಳು ಸೀಟಿ ಟೀಚರ್.

ಡಾಕ್ಟರುಗಳು ಹೆದರಿಸುವುದು ಹೊಸದಲ್ಲ. ಮುಂದಿನ ತಿಂಗಳು ಬೇರೆ ಯಾರಾದರೂ ಬೇರೆ ಹೆಸರು ಹೇಳುತ್ತಾರೆ. ಕೋಲು ಕಟ್ಟಿಕೊಡುತ್ತೇನೆ, ಅದರಲ್ಲೇನಿದೆ? ಅವಳ ಕೈ ಅಳತೆ ತೆಗೆದುಕೊಳ್ಳಲಿಲ್ಲ. ಆ ಕೈ ಎಷ್ಟು ಉದ್ದ ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲಿ ತಿಂದ ಏಟುಗಳು ಎಷ್ಟು ದೂರದಿಂದ ಬರುತ್ತಿದ್ದವು ಎಂಬುದು ಬೆನ್ನಿಗೆ ಇನ್ನೂ ನೆನಪಿದೆ.

ಏಪ್ರಿಲ್ ೧೦, ಬುಧವಾರ

ಹಿಡಿ, ಉಂಗುರ ಏನೂ ಇಲ್ಲದ ಬೋಳು ಕೋಲು ಆರಿಸಿದೆ. ಕಡುಹಸಿರು, ಎರಡು ತುಂಡು, ಹಗುರ. ಕಾರ್ಕಿನ ಹಿಡಿ ಅಂಟಿಸಿ ಒಣಗಲು ಬಿಟ್ಟಿದ್ದೇನೆ.

ಅಕ್ಕನದು ನೊಣದ ಗಾಳ. ಗರಿ ಮತ್ತು ದಾರ ಸುತ್ತಿ ಮಾಡಿದ ನೊಣಕ್ಕೆ ತೂಕವೇ ಇಲ್ಲ, ಎಸೆದರೆ ಎಲ್ಲಿಗೂ ಹೋಗದು. ದಪ್ಪ ಲೈನಿನ ತೂಕವನ್ನೇ ಬಲಗೈಯಿಂದ ಹಿಂದಕ್ಕೂ ಮುಂದಕ್ಕೂ ಬೀಸಬೇಕು, ಎಡಗೈಯಿಂದ ಲೈನನ್ನು ಎಳೆದು ಬಿಡುತ್ತಿರಬೇಕು. ಆ ಲೈನು ಸರಾಗವಾಗಿ ಓಡುವುದೂ ಓಡದಿರುವುದೂ, ಅದು ತೂರಿಹೋಗುವ ಕೋಲಿನ ಉಂಗುರಗಳ ಕೈಯಲ್ಲಿದೆ. ಕೋಲು ಕಟ್ಟುವುದರಲ್ಲಿ ನಿಜವಾದ ಕೆಲಸವೆಂದರೆ ಉಂಗುರ ಕೂರಿಸುವುದು. ಉಳಿದದ್ದಕ್ಕೆ ಅಂಟು, ತಾಳ್ಮೆ ಎರಡಿದ್ದರೆ ಸಾಕು.

ಹಿಡಿಯಿಂದ ಮೇಲೆ ಮೊದಲನೆಯದು ದೊಡ್ಡ ಉಂಗುರ. ಎಡಗೈ ಲೈನು ಎಳೆಯುವುದು ಅದರ ಕೆಳಗಿನಿಂದ. ಆಮೇಲಿನವು ಸಣ್ಣದಾಗುತ್ತ, ಒಂದಕ್ಕೊಂದು ಹತ್ತಿರವಾಗುತ್ತ ತುದಿ ಸೇರುತ್ತವೆ. ಉಂಗುರ ಕಮ್ಮಿಯಾದರೆ, ಕೋಲು ಬಾಗಿದಾಗ ಲೈನು ಆ ಬಾಗಿನ ಜೊತೆಗೆ ಹೋಗದೆ ಅಲ್ಲಲ್ಲಿ ಮಡಚಿದ ಮೊಣಕೈಯ ಹಾಗೆ ಕೋನ ಕಟ್ಟುತ್ತದೆ. ಹೆಚ್ಚಾದರೆ ತುದಿ ಭಾರವಾಗಿ ಕೋಲು ಮಂಕಾಗುತ್ತದೆ. ಎಷ್ಟೆಷ್ಟು ದೂರದಲ್ಲಿ ಇಡಬೇಕೆಂದು ಅಚ್ಚಾದ ಪಟ್ಟಿ ಇದೆ, ಆದರೆ ಕೊನೆಯ ಮಾತು ಪಟ್ಟಿಯದಲ್ಲ. ಉಂಗುರಗಳನ್ನು ಟೇಪಿನಲ್ಲಿ ಅಂಟಿಸಿ, ಹಿಡಿಯನ್ನು ಮೇಜಿನ ಇಕ್ಕಳದಲ್ಲಿ ಬಿಗಿದು, ಲೈನಿನ ಕೊನೆಗೆ ಭಾರ ಕಟ್ಟಿ ಬಾಗಿಸಿ ನೋಡಬೇಕು. ಮೊಣಕೈ ಕಂಡಲ್ಲಿ ಉಂಗುರ ಸರಿಸಬೇಕು. ಎಲ್ಲ ಸರಿಬಂದ ಮೇಲೆ ರೇಷ್ಮೆ ದಾರ ಸುತ್ತುವುದು, ಅದರ ಮೇಲೆ ವಾರ್ನಿಷ್. ವಾರ್ನಿಷ್ ಒಣಗಿದ ಮೇಲೆ ಯಾರಪ್ಪ ಬಂದರೂ ಉಂಗುರ ಅಲುಗದು.

ನಾನು ಕಟ್ಟುವ ಭಾರ ತಾಮ್ರದ ಚೀಲ. ನಮ್ಮ ಯಜಮಾನರು ಇದ್ದಾಗ ನಾವಿಬ್ಬರೂ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೆವು. ಸುಟ್ಟ ಮೋಟರಿನ ಒಳಗಿಂದ ತಂತಿ ಬಿಚ್ಚುವುದು ಅವರು, ಹೊಸದು ಸುತ್ತುವುದು ನಾನು. ಅವರು ಹೋದ ಮೇಲೆ ಅಂಗಡಿಯೂ ಹೋಯಿತು. ಉಳಿದದ್ದು ಒಂದು ಚೀಲ ತಂತಿಚೂರು, ಸುತ್ತುವ ಕೈ, ಮತ್ತು ವಾರ್ನಿಷ್ ಒಣಗುವಾಗ ಕೋಲನ್ನು ಮೆಲ್ಲಗೆ ತಿರುಗಿಸಲು ನಾನೇ ಸುತ್ತಿ ಮಾಡಿಕೊಂಡ ಒಂದು ಪುಟ್ಟ ಮೋಟರ್. ಅಕ್ಕನ ಕೋಲಿಗೆಂದು ಚೀಲಕ್ಕೆ ಇನ್ನೆರಡು ಹಿಡಿ ತಾಮ್ರ ಸೇರಿಸಿದೆ. ಅವಳು ಎಳೆಯುವ ರೀತಿಗೆ ಅಷ್ಟು ಬೇಕು.

ಏಪ್ರಿಲ್ ೨೧, ಭಾನುವಾರ

ಉಂಗುರಗಳು ಟೇಪಿನಲ್ಲೇ ಇದ್ದವು. ಹಿತ್ತಲಲ್ಲಿ ಅಕ್ಕನ ಕೈಗೆ ಕೋಲು ಕೊಟ್ಟೆ. ಭಾವನೂ ಬಂದಿದ್ದರು. ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ದನಿ ಏರಿಸುವುದನ್ನೇ ಮರೆತವರು, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು.

ಸರಿಹೋಗಲಿಲ್ಲ. ಲೈನು ಅರ್ಧಕ್ಕೇ ಸೋತು ಅವಳ ಕಾಲ ಬುಡದಲ್ಲಿ ಗುಡ್ಡೆಯಾಯಿತು. ಉಂಗುರಗಳ ನಡುವೆ ಜೋತುಬಿದ್ದು ಕೋಲಿಗೆ ಪಟಪಟ ಹೊಡೆಯಿತು.

"ಮಣಿಕಟ್ಟು ಸಡಿಲ ಬಿಡಬೇಡ" ಅಂದೆ.

"ನಾನು ಬಿಡ್ತಿಲ್ಲ. ಅದೇ ಹೋಗುತ್ತೆ."

"ಮೊಣಕೈ ಮೈಗೆ ಅಂಟಿಸಿಕೋ. ಮಕ್ಕಳಿಗೆ ಹೇಳಿಕೊಟ್ಟವಳು ನೀನೇ ಅಲ್ವಾ?"

"ಗಿಡ್ಡಿ, ಮೊದಲ ಉಂಗುರ ದೂರ ಆಯ್ತು ಕಣೇ. ಎಡಗೈ ಅಲ್ಲೀತನಕ ಹೋಗ್ತಿಲ್ಲ."

"ಹೋಗುತ್ತೆ. ನಿನ್ನ ಅಳತೆಗೇ ಇಟ್ಟಿದ್ದು."

"ಯಾವತ್ತು ಅಳೆದೆ?"

ನಾನು ಬಗ್ಗಿ ಅವಳ ಕಾಲ ಬುಡದ ಲೈನು ಸುತ್ತಿಟ್ಟೆ. ಅಭ್ಯಾಸ ತಪ್ಪಿದೆ ಅವಳಿಗೆ, ಅಷ್ಟೇ. ಹೊರಡುವಾಗ ಭಾವ ಮುಂದೆ ಬಂದು ಅವಳ ಸ್ವೆಟರಿನ ಗುಂಡಿಗಳನ್ನು ಹಾಕಿದರು. ಎಲ್ಲವನ್ನೂ ಇವರೇ ಮಾಡಿಕೊಟ್ಟರೆ ಕೈ ಇನ್ನಷ್ಟು ಸೋಮಾರಿಯಾಗದೆ ಇರುತ್ತದೆಯೇ? ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಏಪ್ರಿಲ್ ೨೩, ಮಂಗಳವಾರ

ಪಟ್ಟಿ ಇಟ್ಟುಕೊಂಡು ಮತ್ತೆ ಅಳೆದೆ. ತಾಮ್ರ ಕಟ್ಟಿ ಬಾಗಿಸಿದೆ. ಲೈನು ಬಾಗಿನ ಜೊತೆಗೇ ಹೋಗುತ್ತದೆ, ಎಲ್ಲೂ ಮೊಣಕೈ ಇಲ್ಲ. ಕೋಲಿನಲ್ಲಿ ತಪ್ಪಿಲ್ಲ.

ಮೇ ೩, ಶುಕ್ರವಾರ

ಐದನೆಯ ಉಂಗುರ ಒಂದು ಬೆರಳು ಮೇಲೆ ಸರಿಸಿದೆ. ಆರನೆಯದನ್ನು ಕೆಳಗೆ ತಂದೆ. ಇನ್ನೊಂದು ಉಂಗುರ ಸೇರಿಸಿದೆ, ತುದಿ ಭಾರವಾಯಿತು, ತೆಗೆದೆ. ಟೇಪಿನ ಅಂಟು ಕೋಲಿಗೆಲ್ಲ ಮೆತ್ತಿತು, ಅದನ್ನು ಒರೆಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಒಳ್ಳೆಯ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಅವಸರಪಟ್ಟರೆ ಹಾಳಾಗುತ್ತದೆ.

ಭಾವ ಫೋನ್ ಮಾಡಿದ್ದರು. "ಎಲ್ಲಿಗೆ ಬಂತಮ್ಮ?"

"ಇನ್ನೂ ಸ್ವಲ್ಪ ಇದೆ ಭಾವ."

"ದಂತವೈದ್ಯರು ಸಿಕ್ಕಿದ್ದರು. ಅವರದ್ದು ಆಯ್ತಂತೆ, ತುಂಬ ಚೆನ್ನಾಗಿದೆ ಅಂದರು."

ಆ ಮನುಷ್ಯನಿಗೆ ಹಲ್ಲು ಕೀಳುವುದು ಬಿಟ್ಟು ಊರ ಸುದ್ದಿ ಹಂಚುವ ಕೆಲಸ ಯಾಕೆ? ಅವರದು ಅಕ್ಕನದಕ್ಕಿಂತ ಆಮೇಲೆ ಶುರುಮಾಡಿದ್ದು ನಿಜ. ಅದು ಮಾಮೂಲಿ ಕೋಲು. ಪಟ್ಟಿ ನೋಡಿ ಉಂಗುರ ಇಟ್ಟೆ, ಸುತ್ತಿದೆ, ಕೊಟ್ಟೆ. ಇದು ಹಾಗಲ್ಲ ಎಂದು ಭಾವನಿಗೆ ಹೇಗೆ ತಿಳಿಸಿ ಹೇಳುವುದು?

ಮೇ ೧೨, ಭಾನುವಾರ

ಅಕ್ಕ ಬಂದು ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಳು. ನಾನು ತಾಮ್ರದ ಚೀಲ ನೇತುಹಾಕಿ ನೋಡುತ್ತಿದ್ದೆ. ಕೋಲು ಹಿಡಿಯ ತನಕ ಬಾಗಿ, ತುದಿ ನೆಲಕ್ಕೆ ಮುಖ ಮಾಡಿತ್ತು. ನೋಡಲು ಬಹಳ ಚೆನ್ನಾಗಿತ್ತು.

"ಆ ಚೀಲದಲ್ಲಿ ಇರೋದು ಯಾರೇ?" ಅಂದಳು.

"ಯಾರು ಅಂದ್ರೆ?"

"ಅಷ್ಟು ಜೋರಾಗಿ ಎಳೀತಿರೋದು ಯಾರು ಅಂತ."

"ನೀನೇ. ಇನ್ಯಾರು?"

ಅವಳು ಚೀಲವನ್ನೇ ನೋಡುತ್ತ ಕೂತಳು. "ಅದು ನಾನಲ್ಲ ಕಣೇ. ಅವಳು ಹೋಗಿ ಬಹಳ ದಿನ ಆಯ್ತು. ಚೀಲ ಇಳಿಸು. ನಾನು ಇಲ್ಲೇ ಇದೀನಲ್ಲ, ನನ್ನ ಕೈಯಲ್ಲಿ ಎಳೆಸಿ ನೋಡು."

"ಕೈಯಲ್ಲಿ ಎಳೆದು ಉಂಗುರ ಇಡೋದನ್ನ ಎಲ್ಲೂ ಕಂಡಿಲ್ಲ. ದೊಡ್ಡ ಮೀನು ಬಿದ್ದರೆ ಏನು ಮಾಡ್ತೀಯಾ?"

"ದೊಡ್ಡ ಮೀನು ಬಿದ್ದರೆ ಆಗ ನೋಡೋಣ. ಮೊದಲು ಲೈನು ನೀರಿಗೆ ಬೀಳಬೇಕಲ್ವಾ?"

ಕೈ ಮುಂದೆ ಚಾಚಿದಳು. ಹೆಬ್ಬೆರಳ ಬುಡದಲ್ಲಿ ದಪ್ಪಗೆ ಇರಬೇಕಾದ ಮಾಂಸ ಇಳಿದುಹೋಗಿ ಗುಳಿಬಿದ್ದಿತ್ತು. ನಾನು ದಾರ ತರಬೇಕು ಎಂದು ಪೇಟೆಗೆ ಒಯ್ಯುವ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ. ಅವಳನ್ನು ನನ್ನ ಮನೆಯಲ್ಲಿ ಕೂರಿಸಿ ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಬಸ್ಸುಗಳು ಬಂದವು, ಹೋದವು. ವಾಪಸು ಬಂದಾಗ ಭಾವ ಕರೆದುಕೊಂಡು ಹೋಗಿದ್ದರು. ದಾರ ಮನೆಯಲ್ಲಿ ಬೇಕಾದಷ್ಟಿತ್ತು.

ಮೇ ೨೦, ಸೋಮವಾರ

ಕೋಣೆಗೆ ಹೋಗಲಿಲ್ಲ.

ಮೇ ೨೩, ಗುರುವಾರ

ಭಾವನ ಫೋನ್. "ನಿನ್ನೆ ಅವಳ ಕೈಯಿಂದ ಲೋಟ ಜಾರಿ ಬಿತ್ತಮ್ಮ. ಪೆಟ್ಟೇನಿಲ್ಲ. ನೀನು ಕೋಪ ಮಾಡ್ಕೊಂಡಿದ್ದೀಯಾ ಅಂತ ಕೇಳ್ತಾ ಇದ್ದಾಳೆ."

"ಕೋಪ ಅಲ್ಲ ಭಾವ."

"ಹಾಗಾದ್ರೆ ಏನಮ್ಮ?"

ಅವರು ಅಷ್ಟು ಮೆತ್ತಗೆ ಕೇಳದಿದ್ದರೆ ನನಗೆ ಅಳು ಬರುತ್ತಿರಲಿಲ್ಲ. ಫೋನ್ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅವರು ಆ ಕಡೆ ಫೋನ್ ಇಡದೆ ಕಾದರು.

ಕೋಲು ಮುಗಿದರೆ ಅಕ್ಕನ ಕೈಯೂ ಮುಗಿಯುತ್ತದೆ ಅನ್ನಿಸುತ್ತಿದೆ. ಟೇಪು ಇರುವ ತನಕ ಏನೂ ಆಗದು ಅನ್ನಿಸುತ್ತಿದೆ. ಇದಕ್ಕೆ ಬುದ್ಧಿ ಇರುವವರು ಏನೆನ್ನುತ್ತಾರೆ ಎಂದು ನನಗೂ ಗೊತ್ತು. ಆದರೂ ಅನ್ನಿಸುತ್ತಿದೆ.

ಮೇ ೨೬, ಭಾನುವಾರ

ಬೆಳಿಗ್ಗೆ ಎದ್ದವಳೇ ತಾಮ್ರದ ಚೀಲ ಇಳಿಸಿ ಅಟ್ಟದ ಮೇಲೆ ಹಾಕಿದೆ. ಆಮೇಲೆ ಹೋಗಿ ಅಕ್ಕನನ್ನು ಕರೆತಂದೆ. ದಾರಿಯಲ್ಲಿ ಇಬ್ಬರೂ ಬಸ್ ನಿಲ್ದಾಣದ ವಿಷಯ ಎತ್ತಲಿಲ್ಲ. ಎದುರು ಮನೆಯವರ ಹೊಸ ಗೇಟು ಎಷ್ಟು ಅವಲಕ್ಷಣವಾಗಿದೆ ಎಂದು ಬಾಯಿತುಂಬ ಮಾತಾಡಿಕೊಂಡು ಬಂದೆವು.

ಕೋಲನ್ನು ಇಕ್ಕಳದಲ್ಲಿ ಬಿಗಿದು ಲೈನಿನ ಕೊನೆಯನ್ನು ಅವಳ ಅಂಗೈಗೆ ಸುತ್ತಿದೆ. "ಎಳಿ" ಅಂದೆ.

ಎಳೆದಳು. ತುದಿ ಒಂದು ಸ್ವಲ್ಪ ತಲೆ ಬಾಗಿಸಿತು. ಕೋಲಿನ ಉಳಿದ ಭಾಗ ನೆಟ್ಟಗೆ ಇದ್ದಲ್ಲೇ ಇತ್ತು.

"ಇಷ್ಟೇನಾ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಇಷ್ಟೇ" ಅಂದಳು. ಮುಖ ಕೆಂಪಾಗಿತ್ತು, ತೋಳು ನಡುಗುತ್ತಿತ್ತು. ಅಷ್ಟಕ್ಕೇ ಅವಳು ಮೈಯಲ್ಲಿದ್ದುದನ್ನೆಲ್ಲ ಹಾಕಿ ಎಳೆಯುತ್ತಿದ್ದಳು ಎಂದು ಆಗ ನನಗೆ ಗೊತ್ತಾಯಿತು. ಅವಳು ಎಳೆದು ಹಿಡಿದಿದ್ದಾಳೆ, ನಾನು ಅಳುತ್ತ ನಿಂತರೆ ಆ ಎಳೆತ ದಂಡ. ಪೆನ್ಸಿಲ್ ತೆಗೆದುಕೊಂಡು ಓಡಿದೆ.

"ಬಿಡಬೇಡ, ಇನ್ನೊಂದು ಚೂರು. ಹಾಂ, ಹಾಗೇ."

"ಬೇಗ ಗುರುತು ಹಾಕೇ, ಕತ್ತೆ!"

ಅವಳ ಎಳೆತಕ್ಕೆ ಬಾಗುವುದು ಕೋಲಿನ ಮೇಲಿನ ಭಾಗ ಮಾತ್ರ. ನಾನು ಉಂಗುರಗಳನ್ನು ಹಂಚಿದ್ದು ಪೂರ್ತಿ ಬಾಗುವ ಕೋಲಿಗೆ. ಕೆಳಗೆ ಬೇಕಿಲ್ಲದ ಕಡೆ ಉಂಗುರಗಳು ಸುಮ್ಮನೆ ಕೂತಿವೆ, ಮೇಲೆ ಬೇಕಾದ ಕಡೆ ಲೈನು ಜೋತುಬೀಳುತ್ತಿದೆ. ಕೆಳಗಿನದೊಂದು ತೆಗೆದೇಬಿಟ್ಟೆ. ತುದಿಯ ಕಡೆ ಇದ್ದವನ್ನು ಬಿಚ್ಚಿ, ನನ್ನಲ್ಲಿರುವುದರಲ್ಲೇ ಅತಿ ಸಣ್ಣ, ಅತಿ ಹಗುರ ಉಂಗುರಗಳನ್ನು ಒತ್ತೊತ್ತಾಗಿ ಇಟ್ಟೆ. ಅಕ್ಕ ಸುಧಾರಿಸಿಕೊಂಡು ಮತ್ತೆ ಎಳೆದಳು, ನಾನು ಸರಿಸಿದೆ. ಮತ್ತೆ ಎಳೆದಳು. ನಡುನಡುವೆ ಟೀ ಕುಡಿದೆವು. ಲೋಟ ನಾನೇ ಹಿಡಿದಿದ್ದೆ, ಅವಳ ಕೈಗೆ ವಿಶ್ರಾಂತಿ ಬೇಕಿತ್ತು.

ಮೊದಲ ಉಂಗುರಕ್ಕೆ ಅವಳನ್ನು ನಿಲ್ಲಿಸಿ ಕೋಲು ಹಿಡಿಸಿದೆ. "ಎಡಗೈ ಎಲ್ಲೀತನಕ ಬರುತ್ತೋ ತೋರಿಸು. ಕಷ್ಟಪಡಬೇಡ." ಕೈ ಏರಿತು, ನಿಂತಿತು. ಕೈಯ ಉದ್ದ ಅದೇ, ಎತ್ತರಕ್ಕೆ ಮಾತ್ರ ಹೋಗಲಿಲ್ಲ. ಪಟ್ಟಿ ಹೇಳುವುದಕ್ಕಿಂತ ನಾಲ್ಕು ಬೆರಳು ಕೆಳಗೆ, ಆ ಕೈ ನಿಂತಲ್ಲಿಗೆ ಉಂಗುರ ತಂದು ಟೇಪು ಸುತ್ತಿದೆ.

ಹಿತ್ತಲಿಗೆ ಹೋಗಿ ಬೀಸಿದಳು. ಲೈನು ಸದ್ದಿಲ್ಲದೆ ಹೊರಟು ಬೇಲಿಯ ತನಕ ಹೋಗಿ ನೆಟ್ಟಗೆ ಮಲಗಿತು. ದೂರವೇನಲ್ಲ. ಮೊದಲಾದರೆ ಅಕ್ಕ ಬೇಲಿಯಾಚೆ ಪಕ್ಕದವರ ಬಟ್ಟೆ ತಂತಿಗೆ ಸಿಕ್ಕಿಸುತ್ತಿದ್ದಳು. ಅವಳು ತಿರುಗಿ ನನ್ನ ಕಡೆ ನೋಡಿದಳು, ಮತ್ತೆ ಬೀಸಲು ಲೈನು ಎಳೆದುಕೊಂಡಳು.

ಜೂನ್ ೧, ಶನಿವಾರ

ಸುತ್ತಿ ಮುಗಿಸಿದೆ. ಕಡುನೀಲಿ ರೇಷ್ಮೆ. ಸೀಟಿಯ ದಾರದ ಬಣ್ಣವೇ ಬೇಕು ಎಂದು ಅವಳ ಹಟ.

ವಾರ್ನಿಷ್ ಹಚ್ಚಿದರೆ ಮುಟ್ಟುವಷ್ಟು ಒಣಗಲು ಒಂದು ರಾತ್ರಿ ಸಾಕು, ಬೀಸುವಷ್ಟು ಗಟ್ಟಿಯಾಗಲು ಒಂದು ವಾರ ಕಾಯಬೇಕು. ಬರೀ ಸುತ್ತಿದ ದಾರವೂ ಒಂದೆರಡು ದಿನದ ಬೀಸಿಗೆ ತಡೆಯುತ್ತದೆ. ಅಕ್ಕನಿಗೆ ಫೋನ್ ಮಾಡಿ, "ವಾರ್ನಿಷ್ ಆಮೇಲೆ ನೋಡಿಕೊಂಡರಾಯ್ತು, ನಾಳೆಯೇ ಹೋಗೋಣ" ಅಂದೆ.

"ಯಾರು ಮಾತಾಡ್ತಿರೋದು? ನನ್ನ ತಂಗಿಯ ದನಿ ಇದ್ದಂಗಿದೆ" ಅಂದಳು.

ಜೂನ್ ೨, ಭಾನುವಾರ

ಮಡುವಿನಿಂದ ಈಗಷ್ಟೇ ಬಂದೆವು. ಕಾಲು ಒದ್ದೆ, ಬೆನ್ನು ನೋವು.

ಒಡ್ಡಿನಿಂದ ಇಳಿದ ನೀರು ಅಲ್ಲಿ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಭಾವ ದಡದಲ್ಲಿ ಛತ್ರಿ ಬಿಡಿಸಿಕೊಂಡು ಪುಸ್ತಕ ಹಿಡಿದು ಕೂತರು, ಒಂದು ಪುಟವನ್ನೂ ಮಗುಚಲಿಲ್ಲ. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತಳು. ಅವಳ ಸೊಂಟದ ಪಟ್ಟಿಯನ್ನು ಹಿಂದಿನಿಂದ ನಾನು ಹಿಡಿದುಕೊಂಡಿದ್ದೆ.

ನೊಣ ಬೀಳಬೇಕಾದ ಕಡೆಯೇ ಬಿತ್ತು. ಎರಡನೆಯದೂ ಬಿತ್ತು. ಒಂದು ಸಲ ಬೀಸಿದರೆ ಬಹಳ ಹೊತ್ತು ಸುಧಾರಿಸಿಕೊಳ್ಳಬೇಕು, ಆ ಹೊತ್ತಿನಲ್ಲಿ ನೀರು ನೋಡುತ್ತ ನಿಂತಳು. ಮೀನು ಒಂದೂ ಸಿಗಲಿಲ್ಲ. ಆಟದ ದಿನ ಸೋತ ತಂಡವನ್ನು ಇವಳು ಬೈದು ಅಟ್ಟುತ್ತಿದ್ದುದು ನನಗೆ ನೆನಪಿದೆ. ಇವತ್ತು ಖಾಲಿ ಕೈಯಲ್ಲಿ ಮೇಲೆ ಬಂದು, "ಚೆನ್ನಾಗಿ ಓಡುತ್ತೆ ಕಣೇ ನಿನ್ನ ಕೋಲು" ಅಂದಳು.

ಮನೆಯಲ್ಲಿ ವಾರ್ನಿಷ್ ಡಬ್ಬಿ ತೆರೆಯಲು ಹೋದೆ. ಬೇಡ ಅಂದಳು. "ಇವತ್ತಿನ ಕೈಗೆ ಇಟ್ಟಿದ್ದೀಯಾ. ಮುಂದಿನ ವಾರದ ಕೈ ಹೇಗಿರುತ್ತೋ. ಸರಿಸೋ ಹಾಗೆ ಇರಲಿ."

ಡಬ್ಬಿಯ ಮುಚ್ಚಳ ಹಾಕಿದೆ.

ಜೂನ್ ೯, ಭಾನುವಾರ

ಮೊದಲ ಉಂಗುರ ಬಿಚ್ಚಿ ಒಂದು ಬೆರಳು ಕೆಳಗೆ ಸುತ್ತಿದೆ. ಹಿತ್ತಲಲ್ಲೇ ಬೀಸಿದೆವು.

ಜೂನ್ ೧೬, ಭಾನುವಾರ

ಇನ್ನೊಂದು ಬೆರಳು. ಬಲ ಮಣಿಕಟ್ಟು ನಿಲ್ಲುತ್ತಿಲ್ಲ. ಕೋಲಿನ ಹಿಡಿಯನ್ನು ಅಗಲ ಪಟ್ಟಿಯಿಂದ ಅವಳ ಮುಂಗೈಗೆ ಕಟ್ಟಿದೆ. ಹೆಗಲಿನಿಂದಲೇ ಬೀಸಿದಳು. ತಲೆ ಬಾಚಿ ಕಳಿಸಿದೆ, ಗಾಳಿಗೆ ಕೆದರಿಹೋಗಿತ್ತು.

ಜೂನ್ ೨೩, ಭಾನುವಾರ

ಕೋಲನ್ನು ಅವಳ ಮುಂಗೈಗೆ ಕಟ್ಟಿ, ಉಂಗುರ ಸರಿಸಲು ದಾರ ತೆಗೆದಿಟ್ಟುಕೊಂಡು ಕಾದಿದ್ದೆ. ಅಕ್ಕ ಕೂತಲ್ಲಿಂದ ಏಳಲಿಲ್ಲ.

"ಎಡಗೈಯಲ್ಲಿ ಲೈನು ನಿಲ್ತಿಲ್ಲ ಗಿಡ್ಡಿ. ಬೆರಳು ಮುಚ್ಚೋದೇ ಇಲ್ಲ. ಎಲ್ಲಿಗೆ ಸರಿಸಿದರೂ ಅಷ್ಟೇ."

ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇರೆ ಯಾರದೋ ವಸ್ತು ನೋಡಿಕೊಳ್ಳುವ ಹಾಗೆ ನೋಡುತ್ತಿದ್ದಳು. ಇಷ್ಟು ದಿನದಲ್ಲಿ ಅವಳು ಅತ್ತದ್ದು ಇವತ್ತೇ. ಸದ್ದು ಮಾಡಲಿಲ್ಲ. ಮುಖ ಒರೆಸಿಕೊಳ್ಳಲೂ ಆಗುವುದಿಲ್ಲವಲ್ಲ, ನಾನು ಒರೆಸಿದೆ. ಸೆರಗಿನಲ್ಲಿ ಒರೆಸುತ್ತ ಕೂತೆ.

ಆಮೇಲೆ ನನ್ನ ಕೈ ತಾನಾಗಿ ಲೈನು ಹಿಡಿದು ಎಳೆದು ನೋಡಿತು. ಕೋಲು ಅವಳ ಮುಂಗೈಗೆ ಕಟ್ಟೇ ಇತ್ತು. ಅವಳು ಹೆಗಲು ಹಿಂದಕ್ಕೆ ತಂದಳು, ನಾನು ಎಳೆದೆ. ಮುಂದಕ್ಕೆ ತಂದಳು, ನಾನು ಬಿಟ್ಟೆ. ಮೊದಲ ಸಲ ನಾನು ಬಿಟ್ಟದ್ದು ತಡವಾಯಿತು.

"ನಿನಗೆ ಯಾವತ್ತೂ ಲಯ ಇಲ್ಲ" ಎಂದು ಮೂಗು ಸೇದುತ್ತಲೇ ಬೈದಳು. "ನಾನು ಉಸಿರು ಬಿಡ್ತೀನಲ್ಲ, ಆಗ ಬಿಡು."

ಎರಡು ಸ್ಟೂಲು ಪಕ್ಕಪಕ್ಕ ಹಾಕಿಕೊಂಡು ಕೂತೆವು. ಅವಳ ಎಡಕ್ಕೆ ನಾನು. ಉಸಿರು ಕೇಳಿಸುವಷ್ಟು ಹತ್ತಿರ ಕೂತರೆ ನನ್ನ ಕೈ ಉಂಗುರದ ತನಕ ಹೋಗದು. ಗಿಡ್ಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಉಂಗುರವನ್ನು ಇನ್ನೂ ಮೂರು ಬೆರಳು ಕೆಳಗೆ ತಂದೆ. ಈಗ ಅದು ಅವಳ ಹೆಗಲಿಗೂ ನನ್ನ ಕೈಗೂ ಸರಿಯಾಗಿ ಬಂತು. ಇಂಥ ಜಾಗ ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ.

ಜೂನ್ ೩೦, ಭಾನುವಾರ

ಸ್ಟೂಲುಗಳನ್ನು ಭಾವ ಹೊತ್ತು ತಂದರು. ದಡದಂಚಿಗೆ, ನೀರು ಪಾದ ಮುಟ್ಟುವಲ್ಲಿ ಹಾಕಿದೆವು. ಅಕ್ಕನ ಉಸಿರು ಕೇಳುತ್ತ ಎಳೆದೆ, ಬಿಟ್ಟೆ. ಲೈನು ಹೋಯಿತು. ನಾವಿಬ್ಬರೂ ಜಗಳವಾಡದೆ ಸೇರಿ ಮಾಡಿದ ಕೆಲಸ ಇನ್ನೊಂದು ನೆನಪಿಗೆ ಬರುತ್ತಿಲ್ಲ.

ಬಿಸಿಲು ಓರೆಯಾಗುವ ಹೊತ್ತಿಗೆ ನೊಣ ಬಿದ್ದಲ್ಲಿ ನೀರು ಉಬ್ಬಿತು, ನನ್ನ ಬೆರಳೊಳಗೆ ಲೈನು ಸರ್ರನೆ ಜಾರಿತು.

"ಬಂತು! ಬಿಡು, ಬಿಡು, ಓಡಲಿ ಅದು!" ಅಕ್ಕನ ಗಂಟಲು ಆಟದ ಮೈದಾನದಷ್ಟು ದೊಡ್ಡದಾಯಿತು. ಭಾವನ ಪುಸ್ತಕ ನೀರಿಗೆ ಬಿತ್ತು.

ದೊಡ್ಡ ಮೀನೇ. ಕೋಲು ತುದಿಯಿಂದ ಬಾಗಿ, ಮಧ್ಯ ಬಾಗಿ, ತಾಮ್ರದ ಚೀಲ ಕಟ್ಟಿದ ದಿನದ ಹಾಗೆ ಹಿಡಿಯ ತನಕ ಬಾಗಿತು. ಕೆಳಗೆ ನಾನು 'ಬೇಡ' ಎಂದು ಉಂಗುರ ತೆಗೆದ ಜಾಗದಲ್ಲಿ ಲೈನು ಟಕ್ಕನೆ ಮಡಚಿ ಮೊಣಕೈ ಮಾಡಿತು. ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಯಾವ ಕೋಲಿನಲ್ಲೂ ಅಷ್ಟು ಕೆಟ್ಟ ಮೊಣಕೈ ಬಿದ್ದಿಲ್ಲ. ಅಕ್ಕನ ಕಣ್ಣಿಗೂ ಬಿತ್ತು.

"ಮೊಣಕೈ ನೋಡೇ!" ಎಂದು ನಗಲು ಶುರುಮಾಡಿದಳು. "ದಂತವೈದ್ಯರಿಗೆ ತೋರಿಸಬೇಕು ಇದನ್ನ!"

ನಾನೂ ನಕ್ಕೆ, ನಗುತ್ತಲೇ ಲೈನು ಎಳೆದೆ. ಹೆಗಲು ಅವಳದು, ಕೈ ನನ್ನದು. ಮೀನು ದಡಕ್ಕೆ ಬಂತು, ಬೆನ್ನು ಕಂದು, ಹೊಟ್ಟೆ ಬೆಳ್ಳಗೆ. ಕೊಕ್ಕೆ ಬಿಡಿಸಿ ಅವಳ ಎರಡೂ ಅಂಗೈಗಳನ್ನು ನೀರಿನಲ್ಲಿ ಬೋಗುಣಿ ಮಾಡಿ ಅದರಲ್ಲಿ ಇಟ್ಟೆ. ಹಿಡಿದುಕೊಳ್ಳಬೇಕಾಗಿರಲಿಲ್ಲ. ಅದು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಹೊರಟುಹೋಯಿತು.

ಜುಲೈ ೭, ಭಾನುವಾರ

"ಇನ್ನು ವಾರ್ನಿಷ್ ಹಾಕು" ಅಂದಳು ಅಕ್ಕ.

"ಮುಂದಿನ ವಾರ ಸರಿಸಬೇಕಾಗಿ ಬಂದರೆ?"

"ಬರಲ್ಲ. ಹೆಗಲೂ ಈ ವಾರ ಮೇಲೇಳ್ತಿಲ್ಲ. ಸರಿಸೋದು ಮುಗೀತು ಗಿಡ್ಡಿ. ನಾವಿಬ್ಬರೂ ಹಿಡಿದ ಜಾಗದಲ್ಲೇ ಇರಲಿ ಅದು."

ನಾನು ಇಲ್ಲ, ಆಗಲ್ಲ, ನೋಡೋಣ ಎಂದು ಏನೇನೋ ಹೇಳಬಹುದಿತ್ತು. ಡಬ್ಬಿ ತೆರೆದೆ. ಪ್ರತಿ ಉಂಗುರದ ಪಾದದ ಮೇಲೂ, ನೀಲಿ ದಾರ ಕುಡಿಯುವಷ್ಟು ವಾರ್ನಿಷ್ ಹಚ್ಚಿದೆ. ಮೊದಲ ಉಂಗುರಕ್ಕೆ ಕೊನೆಯಲ್ಲಿ ಹಚ್ಚಿದೆ.

ಹಚ್ಚಿದ ಮೇಲೆ ಕೋಲು ನಿಲ್ಲಬಾರದು, ತಿರುಗುತ್ತಲೇ ಇರಬೇಕು. ನಿಂತರೆ ವಾರ್ನಿಷ್ ಒಂದು ಕಡೆ ಇಳಿದು ಹನಿಗಟ್ಟುತ್ತದೆ. ಕೋಲನ್ನು ಎರಡು ಕವೆಗಳ ಮೇಲಿಟ್ಟು, "ಮೋಟರ್ ಕೆಟ್ಟಿದೆ" ಅಂದೆ.

"ಅದನ್ನ ಸುತ್ತಿದ್ದು ಯಾರು?"

"ನಾನೇ."

"ನೀನು ಸುತ್ತಿದ ಮೋಟರ್ ಕೆಟ್ಟಿದ್ದನ್ನ ನಾನಂತೂ ನೋಡಿಲ್ಲ, ಸುಳ್ಳಿ" ಅಂದಳು. ಆದರೆ ಕುರ್ಚಿಯನ್ನು ಮೇಜಿಗೆ ಒತ್ತಿ ಎಂದು ಭಾವನಿಗೆ ಹೇಳಿದಳು.

ಅವಳ ಬಲಗೈ ಎತ್ತಿ ಕಾರ್ಕಿನ ಹಿಡಿಯ ಮೇಲೆ ಅಂಗೈ ಕೆಳಗಾಗಿ ಇಟ್ಟೆ, ಮೊಣಕೈ ಕೆಳಗೆ ದಿಂಬು ಕೊಟ್ಟೆ.

"ಹಿಡಿಯೋ ಕೆಲಸ ಇಲ್ಲ ತಾನೇ?"

"ಇಲ್ಲ. ಉರುಳಿಸೋದಷ್ಟೇ. ನಿಲ್ಲಿಸಬೇಡ."

ಉರುಳಿಸಿದಳು. ಅಂಗೈ ಮೆಲ್ಲಗೆ ಮುಂದೆ ಹೋಯಿತು, ಕೋಲು ತಿರುಗಿತು. ನಾನು ಕೈಯನ್ನು ಎತ್ತಿ ಹಿಂದಕ್ಕೆ ತಂದಿಟ್ಟೆ, ಮತ್ತೆ ಉರುಳಿಸಿದಳು. ಭಾವ, ಒಣಗಿ ಉಬ್ಬಿದ ತಮ್ಮ ಪುಸ್ತಕ ತೆಗೆದು ಕಿಟಕಿಯ ಬಳಿ ಓದುತ್ತ ಕೂತರು, ಈ ಸಲ ಪುಟ ಮಗುಚಿದ್ದು ಕೇಳಿಸಿತು. ಬೆಳಕು ಹೋಗುವ ತನಕ ಅಕ್ಕ ತಿರುಗಿಸಿದಳು.

ಜುಲೈ ೮, ಸೋಮವಾರ

ಬೆಳಿಗ್ಗೆ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಎಲ್ಲೂ ಒಂದು ಹನಿ ಇಳಿದಿಲ್ಲ.

ಮೊದಲ ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದೆ. ಅಲುಗಲಿಲ್ಲ.